ಮಗ್ಗದ ಮೇಲೆ ಹೊರಿಸಿದ ನಡುಕ

ಇಳಕಲ್ಲು, ೧೪ ಮಾರ್ಚ್ ೧೯೭೯

ಹುನಗುಂದದ ಮಗಳ ಮನೆಯಲ್ಲಿರುವ ಬಸಲಿಂಗವ್ವನವರಿಗೆ, ನಿಮ್ಮ ಬಾಡಿಗೆಯವ ಮುರಿಗೆಪ್ಪನ ಶರಣು.

ನನ್ನನ್ನು ನಾನೇ ಕಟಕಟೆಗೆ ಹತ್ತಿಸಿ ಒಪ್ಪಿಕೊಳ್ಳುತ್ತೇನೆ: ನೀವು ಬಿಟ್ಟುಹೋದ, ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಭರಣಿ ಬರಿದು ಮಾಡಿದ ಕಳ್ಳ ನಾನೇ. ಆದರೆ ದೊಡ್ಡ ತಪ್ಪು ಬೇರೆಯಿದೆ.

ಬಾದಾಮಿ, ಬಾಗಲಕೋಟೆ, ಇಳಕಲ್ಲಿನ ಯಂತ್ರಗಳಿಗೆ ಅದುರು ತಲುಪಿದ ಹೊತ್ತನ್ನು ತಾಳೆ ಹಾಕಿ, ಭೂಮಿ ನಡುಗಿದ ಜಾಗ ಗುರುತಿಸುವುದು ನನ್ನ ನೌಕರಿ. ನಿಮ್ಮ ಮನೆಯಲ್ಲಿ ನನ್ನ ಕುರ್ಚಿಯ ಪಕ್ಕದಲ್ಲೇ ಇಟ್ಟಿದ್ದ ಇಳಕಲ್ಲಿನ ಯಂತ್ರದ ಗೆರೆ ಮಾತ್ರ ದಿನವೂ ನಡುಗುತ್ತಿತ್ತು.

"ಇದು ನಿಮ್ಮ ಮಗ್ಗದ್ದ ಕಿತಾಪತಿರಿ. ನಡುಕ ಎಲ್ಲಿಂದ ಬಂತಂತ ನಾ ಗೇಣಿನ ಲೆಕ್ಕದಾಗ ಹೇಳ್ತೇನಿ," ಎಂದು ಜಂಬ ಕೊಚ್ಚಿದೆ.

"ಭೂಮಿತಾಯಿ ನಿನ್ನ ಕೇಳಿ ನಡಗತಾಳೇನಪಾ?" ಎಂದಿರಿ. ಆದರೂ ಮಗ್ಗ ನಿಲ್ಲಿಸಿ ಹುನಗುಂದಕ್ಕೆ ಹೋದಿರಿ. ಮೊಮ್ಮಗಳ ಮದುವೆಯ ಸೀರೆ ಅರ್ಧಕ್ಕೇ ಉಳಿಯಿತು.

ನೀವು ಹೋದ ಮೇಲೂ ಗೆರೆ ನಡುಗಿತು. ಕಳೆದ ವಾರ ನನ್ನನ್ನು ನಾಲ್ಕು ದಿನದ ಬದಲಿ ಕೆಲಸಕ್ಕೆ ಬಾದಾಮಿಗೆ ಕಳಿಸಿದರು. ಇಳಕಲ್ಲಿನ ಗೆರೆ ನೆಟ್ಟಗಾಯಿತು, ಬಾದಾಮಿಯದು ನಡುಗತೊಡಗಿತು. ಸಾಹೇಬರು ಎರಡೂ ಕಾಗದ ನೋಡಿದರು, ಆಮೇಲೆ ನನ್ನ ಕುರ್ಚಿಯ ಕೆಳಗೆ ನೋಡಿದರು.

ಮದುವೆ ಹತ್ತಿರ ಬಂತು, ದಯವಿಟ್ಟು ಬನ್ನಿ. ನೀವು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿ ಗುಡಿಸಿಟ್ಟಿದ್ದೇನೆ. ಯಂತ್ರವನ್ನು ಊರಾಚೆಯ ಖೋಲಿಗೆ ಸಾಗಿಸಿದ್ದಾರೆ. ನೂಲು ಸುತ್ತುವ ಕೆಲಸ ನನಗೆ ಕೊಡಿ.

"ಕುಂತಲ್ಲೆ ಕಾಲ ಅಳ್ಳಾಡಸಬ್ಯಾಡೋ, ದರಿದ್ರ ಹತ್ತತೈತಿ," ಎಂದು ದಿನಾ ಬೈಯುತ್ತಿದ್ದಿರಲ್ಲ, ಆ ನಡುಕದ ಕೇಂದ್ರ ನನ್ನ ಬಲಮೊಣಕಾಲು.

ಎರಡೂ ಕಾಲು ಊರಿ ಬರೆದ,
ಮುರಿಗೆಪ್ಪ