ಸಣಕಲು ಅಕ್ಷರ

ವಡಪಳನಿ, ಚೆನ್ನೈ
೧೮ ಆಗಸ್ಟ್ ೨೦೦೨

ಚಿ. ಸೌ. ರಂಜನಿಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯ್ತು, ಉತ್ತರ ಬರೀಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಬರೆಯೋಕೆ ಕೂತಾಗೆಲ್ಲ ಸಿಟ್ಟು ಬಂದು ಎದ್ದುಬಿಡ್ತಿದ್ದೆ. ನಿನ್ನ ಮೇಲಲ್ಲ.

ದಾವಣಗೆರೆಯ ಬಟ್ಟೆ ಅಂಗಡಿ ಬೋರ್ಡಲ್ಲಿ ಅಪ್ಪನ ಅಕ್ಷರ ನೋಡಿ ಅಳಿಯಂದಿರಿಗೆ ತೋರಿಸಿದೆ ಅಂತ ಬರೆದಿದ್ದೀ. ಇಲ್ಲೂ ಅದೇ ಕಥೆ. ಮೈಲಾಪೂರಿನ ಕಂಪ್ಯೂಟರ್ ಕಂಪನಿಯವರು ನಮ್ಮನೇಲಿ ಕೈಯಲ್ಲಿ ಬರೆದ ಹಳೇ ಸಿನಿಮಾ ಟೈಟಲ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ, ಅಪ್ಪನ ಹೆಸರಲ್ಲೇ 'ಮಧ್ವ' ಅಂತ ಫಾಂಟ್ ಮಾಡಿದ್ದಾರಲ್ಲ, ಈಗ ಕಂಡಕಂಡಲ್ಲೆಲ್ಲ ಅದೇ. ಮೊನ್ನೆ ಯಾರದೋ ಲಗ್ನಪತ್ರಿಕೆ ಬಂತು. ಮೇಲಿಂದ ಕೆಳಗಿನವರೆಗೆ ಅದೇ ಸಣಕಲು ಅಕ್ಷರ. ಮುಹೂರ್ತ ಯಾವಾಗ ಅಂತ ಭೂತಗನ್ನಡಿ ಹಿಡಿದು ಓದಬೇಕಾಯ್ತು.

ಅದು ಸಾಲುಸಾಲು ಓದೋ ಅಕ್ಷರ ಅಲ್ಲ ಕಣೇ. ಕೋಡಂಬಾಕ್ಕಂನಲ್ಲಿ ಕನ್ನಡ ಸಿನಿಮಾ ತೆಗೀತಿದ್ದಾಗ, ಪೋಸ್ಟರಲ್ಲಿ ಹೀರೋ ಮುಖ ಹೋಗಿ ಉಳಿದ ಜಾಗದಲ್ಲಿ ಉದ್ದನೆ ಹೆಸರು ಹಿಡಿಸಬೇಕಿತ್ತು. ಅದಕ್ಕೆ ಹುಟ್ಟಿದ್ದು. ನಮ್ಮ ಅಕ್ಷರಗಳೆಲ್ಲ ದುಂಡು, ಸುಮ್ಮನೆ ಹಿಂಡಿದರೆ ಮುಖ ಕೆಡುತ್ತೆ. ಪಕ್ಕದಲ್ಲಿ ಯಾವ ಅಕ್ಷರ ಇದೆ ನೋಡಿ, ಒಂದರ ಹೊಟ್ಟೆ ಒಳಗೆಳೆದು, ಇನ್ನೊಂದರ ಕೊಂಬು ಮೇಲೆತ್ತಿ, ಒತ್ತನ್ನು ಸಂದಿಯಲ್ಲಿ ಕೂರಿಸಬೇಕು. ಬಸ್ಸಲ್ಲಿ ಹೋಗೋನಿಗೂ ಕಾಣಬೇಕು. ಈಗ ಈ ಫಾಂಟಲ್ಲಿ ಎಲ್ಲಾ 'ರ'ನೂ ಒಂದೇ ಥರ. 'ಲಕ್ಷ್ಮೀ' ಅಂತ ಹೊಡೆದರೆ ಕೆಳಗಿನ ಒತ್ತು ಮುಂದಿನ ಸಾಲಿನ ತಲೆ ಮೇಲೆ ಬೀಳುತ್ತೆ.

ಕಂಪನಿಯ ಸತ್ಯನಾರಾಯಣ ಮನೆಗೆ ಬಂದಾಗ ಈ ತಪ್ಪೆಲ್ಲ ತೋರಿಸಿದೆ. ಅಷ್ಟೆಲ್ಲ ಯಾರು ನೋಡ್ತಾರೆ ಮಾಮಿ ಅಂದ. ನನ್ನ ಮಾತು ಮುಗಿಯೋ ಮೊದಲೇ ಅಪ್ಪನ ಕಡೆ ತಿರುಗಿ, ಸಾರ್‌ಗೆ ಒಪ್ಪಿಗೆ ತಾನೆ ಅಂತ ಕೇಳಿದ. ಅಪ್ಪ ಚೆನ್ನಾಗೇ ಇದೆ ಅಂದರು. ಅಲ್ಲಿಗೆ ಮುಗೀತು.

ಅಪ್ಪ ಆರೋಗ್ಯವಾಗಿದ್ದಾರೆ. ಕನ್ನಡ ಸಂಘದವರು ಈ ಅಕ್ಷರಕ್ಕೇ ಅಂತ ಕರೆದು ಶಾಲು ಹೊದಿಸಿದರು, ಫೋಟೋ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಮನೆ ತಣ್ಣಗಿರಲಿ.

ನಿನ್ನ ಅಮ್ಮ,
ಜಲಜಾ

ತಾ.ಕ.: ಕವರ್ ಅಂಟಿಸೋಕೆ ಹೋಗಿ ನಿಲ್ಲಿಸಿದೆ. ಆ ಅಕ್ಷರ ಅಪ್ಪನದಲ್ಲ ರಂಜನಿ, ನಂದು. ನೀನು ತೊಟ್ಟಿಲಲ್ಲಿದ್ದಾಗ ಅವರು ಏಣಿಯಿಂದ ಬಿದ್ದು ಕೈ ಮುರ್ಕೊಂಡರು. ಒಪ್ಪಿಕೊಂಡ ಕೆಲಸ ನಿಲ್ಲಬಾರದು ಅಂತ ನಾನು ಬರೆದೆ. ಕೈ ಸರಿಹೋದ ಮೇಲೂ ಆ ಅಕ್ಷರ ಅವರಿಗೆ ಒಲೀಲಿಲ್ಲ. ನಾನು ಬರೀತಿದ್ದೆ, ಕೆಳಗೆ ಅವರು ಸಹಿ ಹಾಕ್ತಿದ್ದರು. ನಮ್ಮಿಬ್ಬರಿಗೆ ಗೊತ್ತಲ್ಲ, ಸಾಕು ಅಂದ್ಕೊಂಡಿದ್ದೆ. ಸಂಘದಿಂದ ವಾಪಸು ಬರುವಾಗ ಆಟೋದಲ್ಲಿ, ಆ ಅಕ್ಷರ ಬರೆದದ್ದು ಯಾರು ಅಂತ ಕೇಳಿಯೇ ಬಿಟ್ಟೆ. ಅವರು ನನ್ನ ಕೈ ತಟ್ಟಿ, ಪ್ರೀತಿಯಿಂದಲೇ ಹೇಳಿದರು:

"ನೀನೂ ಪಾಪ, ಬಣ್ಣ ತುಂಬಿಕೊಡ್ತಿದ್ದೆ. ಮರೆತಿಲ್ಲ ಬಿಡು."

ಅವರು ಸುಳ್ಳು ಹೇಳ್ತಿರಲಿಲ್ಲ. ಅವರಿಗೆ ಹಾಗೇ ನೆನಪಿದೆ.