ಬೀಡಿ ಸುಟ್ಟರೂ ಅಳದ ಕೈ

ಬಬಲೇಶ್ವರ, ೧೯೬೩

ಲಾಠಿಯ ಮೇಲೆ ಅಪಾರ ವಿಶ್ವಾಸವಿಟ್ಟಿರುವ ಮಾನ್ಯ ಫೌಜದಾರ ಸಾಹೇಬರೇ,

ನನ್ನ ತಮ್ಮ ಭಾಗಪ್ಪ ಕಳ್ಳನಲ್ಲ, ರೋಗಿ. ಆ ರೋಗಿಯನ್ನು ನೀವು ದಿನಗಟ್ಟಲೆ ಕೂಡಿಹಾಕಿ ಬಡಿಯುತ್ತಿದ್ದೀರಿ. ಇದನ್ನು ಖುದ್ದಾಗಿ ಹೇಳಲು ಬಂದರೆ ನಿಮ್ಮ ಪೇದೆ ನನ್ನ ಕುತ್ತಿಗೆ ಹಿಡಿದು ಮೆಟ್ಟಿಲಿನಿಂದ ಕೆಳಗೆ ದೂಡಿದ. ಅದಕ್ಕೇ ಈ ಪತ್ರವನ್ನು ಅಚ್ಚು ಹಾಕಿಸಿ ವಿಜಾಪುರದ ಪೇಟೆಯಲ್ಲಿ ಹಂಚುತ್ತಿದ್ದೇನೆ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಪುಠಾಣಿ ಭಟ್ಟಿಯಲ್ಲಿ ಭಾಗಪ್ಪ ಕಡಲೆ ಹುರಿಯುತ್ತಾನೆ. ಕಾದ ಉಸುಕಿಗೆ ಬರಿಗೈ ಹಾಕಿ ನಾಲ್ಕು ಕಾಳು ತೆಗೆದು ಹದ ನೋಡುವುದು ಭಟ್ಟಿಯವರ ರೂಢಿ. ಉಳಿದವರು ಥಟ್ಟನೆ ಕೈ ಎಳೆದುಕೊಳ್ಳುತ್ತಾರೆ. ಇವನು ಮಾತ್ರ ನಿಧಾನವಾಗಿ ಆರಿಸಿ ತೆಗೆಯುತ್ತಿದ್ದ. ಬೊಬ್ಬೆ ಎದ್ದರೂ ಮುಖ ಕಿವುಚುತ್ತಿರಲಿಲ್ಲ. 'ಕಬ್ಬಿಣದ ಕೈ ಐತಿ ಬಿಡೋ ನಿಂದು!' ಎಂದು ಇಡೀ ಓಣಿ ಬೆನ್ನು ಚಪ್ಪರಿಸಿತು.

ಭಟ್ಟಿಯ ಮಾಲೀಕರ ಮನೆಯಲ್ಲಿ ಒಂದು ಬೆಳ್ಳಿ ದೀಪ ಕಾಣೆಯಾಯಿತು. ಹತ್ತಿರದಲ್ಲೊಬ್ಬ ಬಡವನಿದ್ದ, ನಿಮ್ಮ ತನಿಖೆ ಮುಗಿಯಿತು. ಮರುದಿನ ದೀಪ ಅವರದೇ ದೇವರ ಕೋಣೆಯ ಪೆಟ್ಟಿಗೆಯ ಹಿಂದೆ ಸಿಕ್ಕಿತು, ಮಾಲೀಕರೇ ಬಂದು ತಿಳಿಸಿದರು. ಆದರೂ ನೀವು ಬಿಡಲಿಲ್ಲ. ಏಕೆಂದರೆ ಅಷ್ಟರಲ್ಲಿ ನೀವು ಅವನ ಬಲ ಮುಂಗೈಗೆ ಉರಿಯುವ ಬೀಡಿ ಒತ್ತಿ ಪರೀಕ್ಷೆ ಮಾಡಿದ್ದಿರಿ, ಅವನು ಅಳಲಿಲ್ಲ. 'ಪಕ್ಕಾ ಕಳ್ಳ ಅದಾನ. ಹಿಂದ ಎಷ್ಟ ಮನಿ ಒಡದಾನೋ, ಬಾಯಿ ಬಿಡಸ್ರಿ' ಎಂದಿರಿ. ಅಂದಿನಿಂದ ಆ ಬಲಗೈ, ಅಂಗಾಲುಗಳ ಮೇಲೆ ಲಾಠಿ ನಿಂತಿಲ್ಲ.

ಪೇದೆ ನನ್ನನ್ನು ದೂಡುವುದಕ್ಕೂ ಮೊದಲು ಒಮ್ಮೆ ಭೇಟಿಗೆ ಬಿಟ್ಟಿದ್ದಾಗ, ಕಂಬಿಯ ಆಚೆಯಿಂದ ಅವನು ನನಗೆ ಹೇಳಿದ್ದು ಇಷ್ಟು: 'ಯಣ್ಣಾ, ಚರ್ಮ ಸುಟ್ಟ ವಾಸನಿ ಬಂತು. ಯಾರದಪಾ ಅಂತ ನೋಡಿದ್ನಿ. ನಂದಽ ಕೈ ಇತ್ತು.'

ಕಣ್ಣು ಮುಚ್ಚಿಸಿ, ಅಂಗಿಯ ಚುಂಗಿನಿಂದ ಆ ಕೈಯನ್ನು ಸವರಿದೆ. 'ಯಾವಾಗ ಮುಟ್ಟತಿ?' ಎಂದು ಕೇಳಿದ. ಮುಂಗೈ ಮೇಲೆ ಮಾಸಲು ಮಚ್ಚೆ, ಕೊನೆಯ ಎರಡು ಬೆರಳು ಒಳಕ್ಕೆ ಮಡಚಿವೆ. ನಾನು ಡಾಕ್ಟರರ ಬಳಿ ಓಡಿದೆ. ಮೊದಲು ಕೈ ಜುಮುಜುಮು ಎನ್ನುತ್ತಿತ್ತೇ, ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲವೇ, ಕಾಲಿನಿಂದ ಚಪ್ಪಲಿ ಕಳಚಿದ್ದೂ ತಿಳಿಯುತ್ತಿರಲಿಲ್ಲವೇ ಎಂದು ಅವರು ಕೇಳಿದರು. ಎಲ್ಲವೂ ಹೌದು. ಗುಂಡಿಗಳನ್ನು ಅವನ ಹೆಂಡತಿ ಪರಸವ್ವ ಹಾಕುತ್ತಿದ್ದಳು. 'ಇದು ಕುಷ್ಠ ಇದ್ದಂಗೈತ್ರಿ ಮಾಸ್ತರ, ನರಾ ಸಾಯಾಕತ್ತಾವ. ಗುಳಿಗಿ ಅದಾವ. ಜಲ್ದಿ ಸುರು ಮಾಡಿದ್ರ ಉಳದದ್ದು ಉಳಿತೈತಿ. ಅದರ ಮ್ಯಾಲ ಪೆಟ್ಟು ಬಿದ್ದರ ಮಾತ್ರ ಕೈ ಹೋತ ಅಂತ ತಿಳೀರಿ' ಎಂದರು.

ರೋಗದ ಹೆಸರು ಕೇಳಿ ಕುರ್ಚಿ ಹಿಂದೆ ಸರಿಸಬೇಡಿ ಸಾಹೇಬರೇ. ಕಟ್ಟಿಹಾಕಿ ಬಡಿಯುವಾಗ ಇಲ್ಲದ ಹೆದರಿಕೆ ಔಷಧ ಕೊಡಿಸುವಾಗ ಏಕೆ? ಓಣಿಯವರು ತಪ್ಪು ತಿಳಿದರು ನಿಜ, ಆದರೆ ಅವರು ಬೆನ್ನು ಚಪ್ಪರಿಸಿದರು. ಸರಕಾರದ ಖರ್ಚಿನಲ್ಲಿ ತರಬೇತಿ ಪಡೆದ ನೀವು ಎಲುಬು ಮುರಿದಿರಿ. ಸುಡುತ್ತಿರುವ ಕೈಯನ್ನು ಮನುಷ್ಯ ಹಿಂದಕ್ಕೆ ಎಳೆದುಕೊಳ್ಳದಿದ್ದರೆ ಆ ಕೈಗೇ ಏನೋ ಆಗಿದೆ ಎಂದು ತಿಳಿಯಲು ಯಾವ ಕಾಯಿದೆ ಓದಬೇಕು? ನಿಜ ಹೇಳುತ್ತೇನೆ, ನಿಮ್ಮ ಮೆಟ್ಟಿಲ ಕೆಳಗೆ ಬಿದ್ದಿದ್ದಾಗ ನಿಮ್ಮ ಕೈಯನ್ನು ಅದೇ ಮೆಟ್ಟಿಲ ಕಲ್ಲಿನ ಮೇಲಿಟ್ಟು ಜಜ್ಜಬೇಕು, ನೀವು ಚೀರುವುದನ್ನು ನಿಂತು ಕೇಳಬೇಕು ಎನಿಸಿತು. ಮಕ್ಕಳಿಗೆ ಅಕ್ಷರ ತಿದ್ದಿಸುವವನು ನಾನು. ಹಾಗೆ ಅನಿಸಿದ್ದಕ್ಕೆ ನನಗೆ ನಾಚಿಕೆಯೂ ಆಗಲಿಲ್ಲ.

ನಿಮ್ಮ ಲಾಕಪ್ಪಿನಿಂದ ಬಿಟ್ಟು ಬಂದವನೊಬ್ಬ ಹೇಳಿದ, ನಿನ್ನೆ ಒಂದು ಏಟು ತಪ್ಪಿ ತಮ್ಮನ ಎಡಗೈ ಮೇಲೆ ಬಿತ್ತಂತೆ. ಭಾಗಪ್ಪ ಮೊದಲ ಸಲ ಚೀರಿದ. 'ಸಿಕ್ತ ನೋಡ್ರಿ ಜಾಗಾ! ಇನ್ನ ಮ್ಯಾಲ ಇಲ್ಲೇ ಹಾಕ್ರಿ' ಎಂದು ನೀವು ಅಪ್ಪಣೆ ಕೊಟ್ಟಿದ್ದೀರಿ. ಅವನಲ್ಲಿ ಜೀವ ಉಳಿದಿರುವ ಕೈ ಅದೊಂದೇ. ಈ ಕಾಗದ ಕೈಸೇರಿದ ಕ್ಷಣವೇ ಲಾಠಿ ಕೆಳಗಿಡಿ, ಅವನನ್ನು ಆಸ್ಪತ್ರೆಗೆ ಕಳಿಸಿ. ಕಳ್ಳನೆಂದೇ ಬರೆದುಕೊಳ್ಳಿ ಬೇಕಾದರೆ, ಅದನ್ನು ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ. ಆ ಎಡಗೈಗೆ ಇನ್ನೂ ನೋವಾಗುತ್ತದೆ ಸಾಹೇಬರೇ, ಅದನ್ನು ಮುರಿಯಬೇಡಿ.

ಇಂತಿ,
ಹೆಸರು ಹಾಕಬೇಡವೆಂದು ಮನೆಮಂದಿ ಅತ್ತರೂ ಹಾಕಿದ
ದಶರಥ, ಸಾಲಿ ಮಾಸ್ತರ