ಅಪ್ಪ ಬಡಿಸಿದ ಹೋಳಿಗೆ

ಸಂಡೂರು, ಸೋಮವಾರ

ಚಿ. ಸೌ. ಶಿವಲೀಲಾಳಿಗೆ ಅಣ್ಣನ ಆಶೀರ್ವಾದಗಳು.

ನಿನ್ನೆ ನೀನು, ನಿನ್ನ ಗಂಡ ದುರುಗೇಶ ಊಟಕ್ಕೆ ಬಂದಿರಿ. ಅಜ್ಜನ ಕಾಲದ ಮನೆಯನ್ನು ಹೋಟೆಲು ಮಾಡಿದ ಮೇಲೆ ಯಾರು ಬಂದರೂ ಎಲೆ ಹಾಕಬೇಕಾಗುತ್ತದೆ, ಹಾಕಿಸಿದೆ. ನೀನು ಮನೆ ಬಿಟ್ಟ ಮೇಲೆ ಅಪ್ಪನ ಕಣ್ಣು ಹೋಗಿವೆ, ನಿನಗೆ ತಿಳಿಸಿರಲಿಲ್ಲ; ಆದರೂ ಹೋಳಿಗೆಯನ್ನು ಅವರೇ ಬಡಿಸುತ್ತಾರೆ. ನಿನಗೂ ಬಡಿಸಿ, “ಇನ್ನೊಂದು ಹಾಕಿಸ್ಕೊಳ್ರಿ, ಸಂಕೋಚ ಬ್ಯಾಡ. ಯಾವೂರಾತು ನಿಮ್ದು?” ಎಂದರು. ನೀನು ಬಾಯಿಗೆ ಸೆರಗೊತ್ತಿಕೊಂಡು ಎದ್ದುಬಂದೆ. ಬಾಗಿಲಲ್ಲಿ ನನ್ನನ್ನು, “ಅಪ್ಪಗ ಇನ್ನೂ ಅಷ್ಟು ಸಿಟ್ಟೇನಣ್ಣ? ನನ್ ಗುರುತ ಇಲ್ದಂಗ ಮಾತಾಡಿದ್ರು” ಎಂದು ಕೇಳಿದೆ.

ಅಪ್ಪನಿಗೆ ಸಿಟ್ಟಿಲ್ಲ. ನೀನು ಬೇರೆ ಜಾತಿಯವನನ್ನು ಮದುವೆಯಾದ ವರ್ಷವೇ, “ಮಗಳನ್ನ ಕರಕೊಂಡು ಬಾ” ಎಂದು ಹಟ ಹಿಡಿದಿದ್ದರು. ನೀನು ಹೆರಿಗೆಯಲ್ಲಿ ತೀರಿಕೊಂಡೆ ಎಂದು ನಾನೇ ಹೇಳಿದೆ. ಈಗ ಬಂದು ನಿಜ ಹೇಳಬೇಡ. ಸತ್ತ ಮಗಳು ಎದುರು ನಿಂತರೆ ಅವರ ಎದೆ ತಡೆಯುವುದಿಲ್ಲ, ಆ ಪಾಪ ನಿನ್ನದಾಗುತ್ತದೆ. ಮನೆಯ ಊಟ ಬೇಕೆನಿಸಿದರೆ ಫೋನ್ ಮಾಡು, ಕಡ್ಡಿರಾಂಪುರದ ನಿಮ್ಮ ಮನೆಗೆ ಪಾರ್ಸೆಲ್ ಕಳಿಸುತ್ತೇನೆ.

ನೀನು ಹೋದ ಮೇಲೆ ಅಪ್ಪ, “ಆ ಹೆಣ್ಮಗಳು ಯಾಕ ಎದ್ದು ಹೋದ್ಲು?” ಎಂದರು. ಕುರುಡರ ಕೈಯಿಂದ ಬಡಿಸಿಕೊಳ್ಳಲು ಅಸಹ್ಯವಾಯಿತಂತೆ ಎಂದೆ. ಇವತ್ತು ಅವರು ಕೋಣೆಯಿಂದ ಹೊರಗೆ ಬರಲಿಲ್ಲ.

ನಿನ್ನ ಒಳಿತು ಬಯಸುವ ಅಣ್ಣ,
ಪಂಪಾಪತಿ